ಮನೆಯ ರೂಟರಿಗೆ ಮನೆಯ ಹೆಸರುಗಳೇ ತಿಳಿಯದಾದಾಗ: ದೋಷ ಹುಡುಕುವ ಕ್ರಮ

ದೋಷದ ಲಕ್ಷಣ ಹೀಗಿರುತ್ತದೆ. ಇಂಟರ್ನೆಟ್ ಸರಿಯಾಗಿ ಬರುತ್ತಿರುತ್ತದೆ, ಯಾವ ಜಾಲತಾಣ ಬೇಕಾದರೂ ತೆರೆದುಕೊಳ್ಳುತ್ತದೆ. ಆದರೆ ಪಕ್ಕದ ಕೋಣೆಯಲ್ಲೇ ಇರುವ ಪ್ರಿಂಟರನ್ನೋ, ಮನೆಯ ಫೋಟೊಗಳನ್ನೆಲ್ಲ ಕೂಡಿಟ್ಟ ಸ್ಟೋರೇಜ್ ಪೆಟ್ಟಿಗೆಯನ್ನೋ ಹೆಸರು ಹಿಡಿದು ಕರೆದರೆ ಸಿಗುವುದಿಲ್ಲ. 192.168.1.143 ಎಂದು ಅಂಕಿಗಳನ್ನು ಟೈಪ್ ಮಾಡಿದರೆ ತಕ್ಷಣ ಸಿಗುತ್ತದೆ. ಬಹಳ ಜನ ಇಲ್ಲಿಗೆ ಬಂದು ನಿಂತುಬಿಡುತ್ತಾರೆ. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಆ ಅಂಕಿ ಒಂದು ದಿನ ಬದಲಾದಾಗ ಚೀಟಿಯೂ ಸುಳ್ಳಾಗುತ್ತದೆ. ಮನೆಯಲ್ಲಿ ವಯಸ್ಸಾದವರೋ ಮಕ್ಕಳೋ ಈ ಸಾಧನಗಳನ್ನು ಬಳಸುವವರಾಗಿದ್ದರೆ ಹೆಸರು ಸರಿಯಾಗಿ ಕೆಲಸ ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅವರ ನೆನಪಿನಲ್ಲಿ ಉಳಿಯುವುದು ಹೆಸರೇ.

ಈ ದೋಷವನ್ನು ಹುಡುಕುವಾಗ ನಾವೆಲ್ಲರೂ ಮಾಡುವ ತಪ್ಪು ಒಂದೇ: ನೇರವಾಗಿ ರೂಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಒಂದೊಂದೇ ಗುಂಡಿಯನ್ನು ಒತ್ತಿ ನೋಡುವುದು. ಹೆಸರು ಕೇಳಿದ ಸಾಧನ ಆ ಪ್ರಶ್ನೆಯನ್ನು ರೂಟರಿಗೆ ಕಳಿಸಿಯೇ ಇಲ್ಲದಿದ್ದರೆ ರೂಟರಿನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ. ಆದ್ದರಿಂದ ಪ್ರಶ್ನೆ ಯಾರ ಬಳಿಗೆ ಹೋಗುತ್ತಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಅವರಿಗೆ ಉತ್ತರ ಗೊತ್ತಿದೆಯೇ ಎಂಬುದು ಆಮೇಲಿನ ಮಾತು.

ಇಲ್ಲಿ ಹೇಳುವುದೆಲ್ಲ ಓಪನ್‌ವರ್ಟ್ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರನ್ನು ಮುಂದಿಟ್ಟುಕೊಂಡು. ಅದರೊಳಗೆ, ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಮತ್ತು ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎರಡನ್ನೂ ನೋಡಿಕೊಳ್ಳುವುದು ಡಿಎನ್‌ಎಸ್‌ಮಾಸ್ಕ್ ಎಂಬ ಚಿಕ್ಕ ತಂತ್ರಾಂಶ. ಬೇರೆ ಹಲವು ಮನೆ ರೂಟರುಗಳ ಒಳಗೂ ಇದೇ ಇರುವುದರಿಂದ ಪುಟದ ರೂಪ ಬೇರೆಯಾದರೂ ವಿಚಾರ ಅಷ್ಟೇನೂ ಬದಲಾಗುವುದಿಲ್ಲ. ನಮ್ಮ ಮನೆಯ ರೂಟರಿನ ವಿಳಾಸ 192.168.1.1, ಸ್ಟೋರೇಜ್ ಪೆಟ್ಟಿಗೆಯ ಹೆಸರು ಉಗ್ರಾಣ, ಮನೆಯ ಡೊಮೈನ್, ಅಂದರೆ ಎಲ್ಲ ಸಾಧನಗಳ ಹೆಸರಿನ ಕೊನೆಗೂ ಸೇರುವ ಹೆಸರು, ಲ್ಯಾನ್. ಹಾಗಾಗಿ ಪೆಟ್ಟಿಗೆಯ ಪೂರ್ಣ ಹೆಸರು ಉಗ್ರಾಣ.ಲ್ಯಾನ್. ಹೆಸರುಗಳನ್ನೂ ಕಮಾಂಡುಗಳನ್ನೂ ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೊದಲು ಬಿಟ್ಟುಹಾಕಬೇಕಾದ ಅನುಮಾನಗಳು

ಅಂಕಿಯ ವಿಳಾಸಕ್ಕೆ ಪಿಂಗ್ ಮಾಡಿ ನೋಡಿ, ಅಂದರೆ ‘ಪಿಂಗ್’ ಕಮಾಂಡಿನಿಂದ ಸಾಧನ ಉತ್ತರಿಸುತ್ತದೆಯೇ ಎಂದು ಕೇಳಿ. ಅದೂ ಸಿಗದಿದ್ದರೆ ಇದು ಹೆಸರಿನ ತೊಂದರೆಯಲ್ಲ. ಸಾಧನ ಆಫ್ ಆಗಿರಬಹುದು, ಕೇಬಲ್ ಸಡಿಲವಾಗಿರಬಹುದು, ಅಥವಾ ನೀವು ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಸೇರಿಕೊಂಡಿರಬಹುದು. ಗೆಸ್ಟ್ ವೈಫೈಯಿಂದ ಮನೆಯ ಸಾಧನಗಳು ಕಾಣಬಾರದು ಎಂಬುದೇ ಅದರ ಉದ್ದೇಶ.

ಇನ್ನೊಂದು ಅನುಮಾನ ಬ್ರೌಸರಿನದು. ವಿಳಾಸದ ಪಟ್ಟಿಯಲ್ಲಿ ಬರೀ ‘ಉಗ್ರಾಣ’ ಎಂಬ ಒಂದೇ ಪದವನ್ನು ಹೊಡೆದರೆ ಬ್ರೌಸರ್ ಅದನ್ನು ಹುಡುಕಾಟದ ಪದವೆಂದು ತಿಳಿದು ಸರ್ಚ್ ಎಂಜಿನ್ನಿಗೆ ಕೊಟ್ಟುಬಿಡುತ್ತದೆ. ಹೆಸರಿನ ಹಿಂದೆ ಎಚ್‌ಟಿಟಿಪಿ ಎಂಬ ಪೂರ್ವಪದವನ್ನು, ಇಲ್ಲವೇ ಕೊನೆಯಲ್ಲಿ ಒಂದು ಓರೆಗೆರೆಯನ್ನು ಸೇರಿಸಿದರೆ ಅದು ವಿಳಾಸವೆಂದು ಬ್ರೌಸರಿಗೆ ಅರ್ಥವಾಗುತ್ತದೆ. ಈ ಒಂದು ಓರೆಗೆರೆಯ ಕಾರಣಕ್ಕೆ ರೂಟರನ್ನೇ ರೀಸೆಟ್ ಮಾಡಿದವರನ್ನು ನಾನು ಕಂಡಿದ್ದೇನೆ. ಪರೀಕ್ಷೆಯನ್ನು ಬ್ರೌಸರಿನಲ್ಲಿ ಮಾಡದೆ ಕಮಾಂಡು ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ಮಾಡುವುದು ಒಳ್ಳೆಯದು.

ಪ್ರಶ್ನೆ ಯಾರ ಬಳಿಗೆ ಹೋಗುತ್ತಿದೆ

ವಿಂಡೋಸ್ ಕಂಪ್ಯೂಟರಿನಲ್ಲಿ ‘ಐಪಿಕಾನ್ಫಿಗ್ /ಆಲ್’ ಎಂದು ಕೊಟ್ಟರೆ ಬರುವ ಉದ್ದನೆಯ ಪಟ್ಟಿಯಲ್ಲಿ ಡಿಎನ್‌ಎಸ್ ಸರ್ವರ್ಸ್ ಎಂಬ ಸಾಲನ್ನು ಹುಡುಕಿ. ಉಬುಂಟು ಮುಂತಾದ ಲಿನಕ್ಸ್‌ಗಳಲ್ಲಿ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’, ಮ್ಯಾಕ್‌ನಲ್ಲಿ ‘ಎಸ್‌ಸಿಯುಟಿಲ್ --ಡಿಎನ್‌ಎಸ್’ ಇದೇ ಮಾಹಿತಿಯನ್ನು ಕೊಡುತ್ತವೆ. ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ವಿವರಗಳಲ್ಲಿ ಸಿಗುತ್ತದೆ. ಉಬುಂಟುವಿನಲ್ಲಿ ಎಲ್ಲಾದರೂ 127.0.0.53 ಎಂದು ಕಂಡರೆ ಗಾಬರಿ ಬೇಡ: ಅದು ಆ ಕಂಪ್ಯೂಟರಿನ ಒಳಗೇ ಇರುವ ಮಧ್ಯವರ್ತಿ, ಅದು ಮುಂದೆ ಯಾರನ್ನು ಕೇಳುತ್ತದೆ ಎಂಬುದು ಸ್ಟೇಟಸ್ ಪಟ್ಟಿಯಲ್ಲಿ ಕಾಣುತ್ತದೆ.

ಆ ಜಾಗದಲ್ಲಿ ರೂಟರಿನ ವಿಳಾಸ ಮಾತ್ರ ಇರಬೇಕು. ರೂಟರಿನ ಐಪಿವಿ6 ವಿಳಾಸ (ಹೊಸ ಬಗೆಯ, ಉದ್ದನೆಯ ವಿಳಾಸ) ಜೊತೆಗಿದ್ದರೂ ತೊಂದರೆಯಿಲ್ಲ. ಅದರ ಪಕ್ಕದಲ್ಲಿ ಗೂಗಲ್ಲಿನ 8.8.8.8 ಅಥವಾ ಹೊರಗಿನ ಇನ್ನೊಂದು ಸೇವೆಯ 1.1.1.1 ಅಥವಾ ನಿಮಗೆ ಗುರುತಿಲ್ಲದ ಉದ್ದನೆಯ ಐಪಿವಿ6 ವಿಳಾಸ ಕಂಡರೆ ದೋಷ ಬಹುತೇಕ ಸಿಕ್ಕಿದಂತೆಯೇ. ಗೂಗಲ್ಲಿನ ಡಿಎನ್‌ಎಸ್‌ಗೆ ನಿಮ್ಮ ಮನೆಯ ಉಗ್ರಾಣ ಯಾವುದೆಂದು ತಿಳಿಯುವ ದಾರಿಯೇ ಇಲ್ಲ.

ಇನ್ನು ನೇರ ಪರೀಕ್ಷೆ. ‘ಎನ್‌ಎಸ್‌ಲುಕಪ್ ಉಗ್ರಾಣ.ಲ್ಯಾನ್. 192.168.1.1’ ಎಂದು ಕೊಡಿ. ಹೆಸರಿನ ಕೊನೆಯ ಚುಕ್ಕಿ ಕೈತಪ್ಪಿ ಬಂದದ್ದಲ್ಲ. ಹೆಸರು ಇಲ್ಲಿಗೆ ಮುಗಿಯಿತು, ಇದಕ್ಕೆ ಇನ್ನೇನನ್ನೂ ಅಂಟಿಸಬೇಡ ಎಂದು ಹೇಳುವ ಚುಕ್ಕಿ ಅದು. ವಿಂಡೋಸ್‌ನಲ್ಲಿ ಅದಿಲ್ಲದಿದ್ದರೆ ಹೆಸರಿಗೆ ಡೊಮೈನನ್ನು ಇನ್ನೊಮ್ಮೆ ಜೋಡಿಸಿ ಕೇಳುವ ಸಂಭವವಿದೆ. ಕೊನೆಯ ಅಂಕಿ, ಬೇರೆ ಯಾರನ್ನೂ ಕೇಳದೆ ಈ ರೂಟರನ್ನೇ ಕೇಳು ಎಂಬ ಸೂಚನೆ. ಇದಾದ ಮೇಲೆ ಅದೇ ಕಮಾಂಡನ್ನು ಕೊನೆಯ ಅಂಕಿಯಿಲ್ಲದೆ ಇನ್ನೊಮ್ಮೆ ಕೊಡಿ. ಉತ್ತರದ ಮೇಲ್ಭಾಗದಲ್ಲಿ ಯಾವ ಸರ್ವರ್ ಉತ್ತರ ಕೊಟ್ಟಿತು ಎಂಬುದು ಬರುತ್ತದೆ. ನಾವು ಸಾಮಾನ್ಯವಾಗಿ ಅದರ ಮೇಲೆ ಕಣ್ಣು ಹಾಯಿಸದೆ ಕೆಳಗಿನ ಸಾಲಿಗೆ ಹೋಗುತ್ತೇವೆ, ಆದರೆ ಅದೇ ಮುಖ್ಯವಾದ ಸಾಲು.

ರೂಟರನ್ನು ನೇರವಾಗಿ ಕೇಳಿದಾಗ ಸರಿಯಾದ ವಿಳಾಸ ಬಂದು, ಸುಮ್ಮನೆ ಕೇಳಿದಾಗ ಬರದಿದ್ದರೆ ರೂಟರ್ ಸರಿಯಾಗಿದೆ, ದೋಷ ಸಾಧನದ ಕಡೆಗಿದೆ. ನೇರವಾಗಿ ಕೇಳಿದರೂ ‘ಎನ್‌ಎಕ್ಸ್‌ಡೊಮೈನ್’, ಅಂದರೆ ಅಂಥ ಹೆಸರೇ ಇಲ್ಲ ಎಂಬ ಉತ್ತರ ಬಂದರೆ ರೂಟರಿಗೇ ಹೆಸರು ಗೊತ್ತಿಲ್ಲ. ಉತ್ತರವೇ ಬಾರದೆ ಕಾಲಾವಧಿ ಮುಗಿದರೆ ಪ್ರಶ್ನೆ ರೂಟರನ್ನು ಮುಟ್ಟುತ್ತಿಲ್ಲ ಅಥವಾ ಅಲ್ಲಿ ಡಿಎನ್‌ಎಸ್ ಸೇವೆ ನಿಂತಿದೆ. ಎರಡು ಬಾರಿಯೂ ಸರಿಯಾದ ಉತ್ತರ ಬಂದು ಪಿಂಗ್ ಮಾತ್ರ ಹೆಸರನ್ನು ಒಪ್ಪದಿದ್ದರೆ ಅದು ಬೇರೆಯೇ ಕಥೆ: ಎನ್‌ಎಸ್‌ಲುಕಪ್ ಡಿಎನ್‌ಎಸ್ ಸರ್ವರನ್ನು ಮಾತ್ರ ಕೇಳುತ್ತದೆ, ಪಿಂಗ್ ಆದರೋ ಹೆಸರು ಮತ್ತು ವಿಳಾಸಗಳನ್ನು ಬರೆದಿಟ್ಟಿರುವ ಕಂಪ್ಯೂಟರಿನ ಹೋಸ್ಟ್ಸ್ ಕಡತ, ಹಳೆಯ ಉತ್ತರಗಳ ನೆನಪು, ಅಕ್ಕಪಕ್ಕದ ಸಾಧನಗಳು ಹೀಗೆ ಹಲವು ಕಡೆ ವಿಚಾರಿಸುತ್ತದೆ. ಪೂರ್ಣ ಹೆಸರು ಸಿಕ್ಕಿ, ಬರೀ ‘ಉಗ್ರಾಣ’ ಎಂದರೆ ಸಿಗದಿದ್ದರೆ ರೂಟರ್ ಡಿಎಚ್‌ಸಿಪಿ ಮೂಲಕ ಡೊಮೈನ್ ಹೆಸರನ್ನು ಹೇಳಿಕೊಡುತ್ತಿಲ್ಲ ಎಂದರ್ಥ. ಡಿಎಚ್‌ಸಿಪಿಯ 15ನೆಯ ಆಯ್ಕೆ ಇರುವುದೇ ಇದಕ್ಕೆ.

ರೂಟರಿಗೇ ಹೆಸರು ಗೊತ್ತಿಲ್ಲದಿದ್ದಾಗ

ಮನೆಯ ಸಾಧನಗಳ ಹೆಸರು ರೂಟರಿಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿನ ದೋಷಗಳು ಆ ತಿಳಿವಳಿಕೆಯಿಲ್ಲದೆ ಬಗೆಹರಿಯುವುದಿಲ್ಲ. ಸಾಧನವೊಂದು ವಿಳಾಸ ಬೇಡುತ್ತ ಡಿಎಚ್‌ಸಿಪಿ ಕೋರಿಕೆ ಕಳಿಸುವಾಗ 12ನೆಯ ಆಯ್ಕೆಯಲ್ಲಿ ತನ್ನ ಹೆಸರನ್ನೂ ಹೇಳಬಹುದು. ಡಿಎನ್‌ಎಸ್‌ಮಾಸ್ಕ್ ಆ ಹೆಸರನ್ನೂ ತಾನು ಕೊಟ್ಟ ವಿಳಾಸವನ್ನೂ ಜೋಡಿಯಾಗಿ ಬರೆದಿಟ್ಟುಕೊಂಡು, ಯಾರಾದರೂ ಕೇಳಿದಾಗ ಹೇಳುತ್ತದೆ. ಅಂದರೆ ರೂಟರಿಗೆ ತಾನಾಗಿ ಗೊತ್ತಿರುವುದು ತನ್ನ ಬಳಿ ವಿಳಾಸ ಪಡೆದವರ ಹೆಸರು ಮಾತ್ರ. ಸಾಧನದಲ್ಲೇ ಕೈಯಾರೆ ಸ್ಥಿರ ವಿಳಾಸ ತುಂಬಿಟ್ಟಿದ್ದರೆ ಅದು ರೂಟರಿನ ಬಾಗಿಲಿಗೇ ಬಂದಿರುವುದಿಲ್ಲ. ಅದರ ಹೆಸರು ರೂಟರಿಗೆ ತಿಳಿಯುವುದೂ ಇಲ್ಲ. ಹಳೆಯ ಪ್ರಿಂಟರುಗಳಲ್ಲಿ ಈ ಸಂಗತಿ ಪದೇ ಪದೇ ಎದುರಾಗುತ್ತದೆ.

ರೂಟರಿನ ಸ್ಟೇಟಸ್ ಪುಟದಲ್ಲಿ ಸದ್ಯದ ಡಿಎಚ್‌ಸಿಪಿ ಲೀಸ್‌ಗಳ, ಅಂದರೆ ನಿಗದಿತ ಅವಧಿಗೆ ಕೊಟ್ಟ ವಿಳಾಸಗಳ, ಪಟ್ಟಿಯಿದೆ. ಒಳಗೆ ಲಾಗಿನ್ ಆಗಿ ನೋಡುವವರಿಗೆ ಅದೇ ಪಟ್ಟಿ ಟಿಎಂಪಿ ಎಂಬ ಫೋಲ್ಡರಿನ ‘ಡಿಎಚ್‌ಸಿಪಿ.ಲೀಸಸ್’ ಕಡತದಲ್ಲಿ ಸಿಗುತ್ತದೆ. ಒಂದೊಂದು ಸಾಲಿನಲ್ಲಿ ಲೀಸ್ ಮುಗಿಯುವ ಸಮಯ, ಮ್ಯಾಕ್ ವಿಳಾಸ (ಸಾಧನದ ಜಾಲ ಯಂತ್ರಾಂಶದ ಗುರುತು, ಮ್ಯಾಕ್ ಕಂಪ್ಯೂಟರಿಗೆ ಸಂಬಂಧಿಸಿದ್ದಲ್ಲ), ಐಪಿ ವಿಳಾಸ (ಇದುವರೆಗೆ ಹೇಳಿದ ಅಂಕಿಯ ವಿಳಾಸ), ಅದರ ಮುಂದೆ ಹೆಸರು. ಹೆಸರಿನ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆ ಇದ್ದರೆ ಆ ಸಾಧನ ಹೆಸರು ಹೇಳಲಿಲ್ಲ, ಅಥವಾ ಹೇಳಿದ ಹೆಸರನ್ನು ರೂಟರ್ ಒಪ್ಪಲಿಲ್ಲ. ಹೋಸ್ಟ್‌ನೇಮ್‌ನಲ್ಲಿ, ಅಂದರೆ ಸಾಧನದ ಹೆಸರಿನಲ್ಲಿ, ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ನಡುವಿನ ಅಡ್ಡಗೆರೆಗೆ ಮಾತ್ರ ಅವಕಾಶ. ಖಾಲಿ ಜಾಗ ಕೂಡದು, ಚುಕ್ಕಿಗಳ ನಡುವಿನ ಒಂದು ಭಾಗ 63 ಅಕ್ಷರ ಮೀರುವಂತಿಲ್ಲ. ‘ಅಪ್ಪನ ಲ್ಯಾಪ್‌ಟಾಪ್’ ಎಂದು ಪ್ರೀತಿಯಿಂದ ಇಟ್ಟ ಹೆಸರು ನಡುವಿನ ಖಾಲಿ ಜಾಗದಿಂದಾಗಿ ಕೆಲಸಕ್ಕೆ ಬಾರದೆ ಹೋಗಬಹುದು. ಕನ್ನಡ ಅಕ್ಷರದ ಹೆಸರನ್ನು ಡಿಎನ್‌ಎಸ್‌ನಲ್ಲಿ ಪ್ಯೂನಿಕೋಡ್ ಎಂಬ ರೂಪಕ್ಕೆ ತಿರುಗಿಸಿ ಬಳಸುವ ವ್ಯವಸ್ಥೆ ಇದೆಯಾದರೂ ಮನೆಯೊಳಗಿನ ಸಾಧನಗಳಿಗೆ ಅದನ್ನು ನೆಚ್ಚಿಕೊಳ್ಳಬೇಡಿ ಎಂದೇ ನನ್ನ ಸಲಹೆ.

ಒಂದೇ ಹೆಸರಿನ ಎರಡು ನಂಟುಗಳಿದ್ದರೂ ಗೊಂದಲವಾಗುತ್ತದೆ. ಲ್ಯಾಪ್‌ಟಾಪ್ ಒಂದು ಕೇಬಲ್ಲಿನಲ್ಲೂ ವೈಫೈಯಲ್ಲೂ ಒಟ್ಟಿಗೆ ಸೇರಿಕೊಂಡಿದ್ದರೆ ಎರಡಕ್ಕೂ ಬೇರೆ ಬೇರೆ ವಿಳಾಸ ಸಿಗುತ್ತದೆ, ಹೆಸರು ಮಾತ್ರ ಒಂದೇ. ಡಿಎನ್‌ಎಸ್‌ಮಾಸ್ಕ್ ಆಗ ಹಳೆಯ ಲೀಸ್‌ನಿಂದ ಹೆಸರನ್ನು ತೆಗೆದು ಕೊನೆಗೆ ಬಂದವರಿಗೆ ಕೊಡುತ್ತದೆ.

ನಮ್ಮ ಮನೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ದೋಷ ಇವು ಯಾವುವೂ ಅಲ್ಲ. ಅದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಉಗ್ರಾಣ ಪೆಟ್ಟಿಗೆಯೂ ಅದರ ಕೇಬಲ್ ಹೋಗುವ ಪುಟ್ಟ ಸ್ವಿಚ್ಚೂ ಯುಪಿಎಸ್ ಮೇಲಿವೆ. ರೂಟರ್ ಹಜಾರದ ಬೇರೊಂದು ಪ್ಲಗ್ಗಿನಲ್ಲಿತ್ತು, ಅದಕ್ಕೆ ಯುಪಿಎಸ್ ಇರಲಿಲ್ಲ. ಬೆಳಿಗ್ಗೆ ಅಪ್ಪ ಫೋನ್ ಮಾಡಿ, “ಉಗ್ರಾಣ ಸಿಗ್ತಾನೇ ಇಲ್ಲ ಕಣೋ, ನೆಟ್ ಮಾತ್ರ ಚೆನ್ನಾಗಿ ಬರ್ತಿದೆ” ಎನ್ನುತ್ತಿದ್ದರು. ಸಂಜೆ ನಾನು ಮನೆಗೆ ಬಂದು ಕೂತರೆ ಎಲ್ಲವೂ ಸರಿಯಾಗಿರುತ್ತಿತ್ತು. ವಾರಗಟ್ಟಲೆ ಹೀಗೇ ನಡೆಯಿತು. ಕೊನೆಗೆ ಹೆಸರು ಸಿಗದ ದಿನಗಳನ್ನು ಒಂದು ಕಡೆ ಬರೆದುಕೊಳ್ಳುತ್ತ ಬಂದಾಗ ತಿಳಿಯಿತು, ಅವೆಲ್ಲವೂ ಬೆಳಿಗ್ಗೆ ಕರೆಂಟ್ ಹೋಗಿ ಬಂದ ದಿನಗಳು.

ನಡೆಯುತ್ತಿದ್ದದ್ದು ಇಷ್ಟು. ಓಪನ್‌ವರ್ಟ್‌ನಲ್ಲಿ ಟಿಎಂಪಿ ಫೋಲ್ಡರ್ ಇರುವುದು ರ‍್ಯಾಮ್‌ನಲ್ಲಿ. ಕರೆಂಟ್ ಹೋದ ಕೂಡಲೇ ಲೀಸ್ ಪಟ್ಟಿಯೂ ಅದರ ಜೊತೆಗೆ ಹೆಸರುಗಳೂ ಅಳಿಸಿಹೋಗುತ್ತವೆ. ಕರೆಂಟ್ ಬಂದು ರೂಟರ್ ಏಳುವಾಗ ಅದರ ಪಟ್ಟಿ ಖಾಲಿ. ವೈಫೈಯಲ್ಲಿರುವ ಫೋನು, ಲ್ಯಾಪ್‌ಟಾಪುಗಳ ಸಂಪರ್ಕ ಕಡಿದುಹೋಗಿದ್ದರಿಂದ ಅವು ಮತ್ತೆ ಸೇರಿಕೊಳ್ಳುತ್ತ ಹೊಸದಾಗಿ ಡಿಎಚ್‌ಸಿಪಿ ಕೋರಿಕೆ ಕಳಿಸುತ್ತವೆ, ಅವುಗಳ ಹೆಸರು ಮರಳಿ ಬರುತ್ತದೆ. ಉಗ್ರಾಣದ ಕೇಬಲ್ ಹೋಗುವುದು ಯುಪಿಎಸ್ ಮೇಲಿನ ಸ್ವಿಚ್ಚಿಗೆ. ಆ ಸ್ವಿಚ್ಚಿನ ಹಸಿರು ದೀಪ ಒಮ್ಮೆಯೂ ಆರಲಿಲ್ಲ, ಆದ್ದರಿಂದ ರೂಟರ್ ಸತ್ತು ಹುಟ್ಟಿದ್ದು ಉಗ್ರಾಣಕ್ಕೆ ತಿಳಿಯಲೇ ಇಲ್ಲ. ಅದು ತನ್ನ ಹಳೆಯ ವಿಳಾಸವನ್ನೇ ಇಟ್ಟುಕೊಂಡು ನೆಮ್ಮದಿಯಾಗಿ ಕೆಲಸ ಮಾಡುತ್ತಿತ್ತು, ಅಂಕಿಯ ವಿಳಾಸ ಸಿಗುತ್ತಿದ್ದದ್ದು ಅದಕ್ಕೇ. ಸಾಧನಗಳು ಲೀಸ್‌ನ ಅವಧಿಯಲ್ಲಿ ಅರ್ಧ ಕಳೆದ ಮೇಲೆ ಅದನ್ನು ನವೀಕರಿಸಿಕೊಳ್ಳುತ್ತವೆ. ಓಪನ್‌ವರ್ಟ್‌ನ ಮೂಲ ಅವಧಿ 12 ಗಂಟೆ. ಅಂದರೆ ಉಗ್ರಾಣ ಮತ್ತೆ ರೂಟರಿನ ಬಳಿಗೆ ಬಂದು ಹೆಸರು ಹೇಳುವುದಕ್ಕೆ 6 ಗಂಟೆಯವರೆಗೂ ಹಿಡಿಯಬಹುದು. ಬೆಳಿಗ್ಗೆ ಕಳೆದುಹೋದ ಹೆಸರು ಸಂಜೆಗೆ ತಾನಾಗಿ ಮರಳುತ್ತಿದ್ದುದರ ಗುಟ್ಟು ಇದು.

ಇದಕ್ಕೂ, ಮೇಲೆ ಹೇಳಿದ ಪ್ರಿಂಟರಿನಂಥವಕ್ಕೂ ಪರಿಹಾರ ಒಂದೇ. ರೂಟರಿನ ಪುಟದಲ್ಲಿ ನೆಟ್‌ವರ್ಕ್ ಮೆನುವಿನ ಕೆಳಗಿನ ‘ಡಿಎಚ್‌ಸಿಪಿ ಅಂಡ್ ಡಿಎನ್‌ಎಸ್’ ವಿಭಾಗಕ್ಕೆ ಹೋಗಿ, ಯಾವಾಗಲೂ ಇರಬೇಕಾದ ಸಾಧನಗಳಿಗೆ ಸ್ಟ್ಯಾಟಿಕ್ ಲೀಸ್, ಅಂದರೆ ಬದಲಾಗದ ವಿಳಾಸ, ಬರೆದು, ಹೋಸ್ಟ್‌ನೇಮ್ಸ್ ಎಂಬ ಪಟ್ಟಿಯಲ್ಲಿ ಹೆಸರು ಮತ್ತು ವಿಳಾಸವನ್ನು ಜೋಡಿಸಿಡಿ. ಇದು ಕರೆಂಟ್ ಹೋದರೂ ಅಳಿಯದ ರೂಟರಿನ ಫ್ಲ್ಯಾಷ್‌ನಲ್ಲಿ ಉಳಿಯುತ್ತದೆ. ಸಾಧನ ಬಂದು ಹೇಳಲಿ ಬಿಡಲಿ, ರೂಟರಿಗೆ ಹೆಸರು ಗೊತ್ತಿರುತ್ತದೆ. ಓಪನ್‌ವರ್ಟ್ ಮೂಲ ಸ್ಥಿತಿಯಲ್ಲಿ 192.168.1.100ರಿಂದ ಮುಂದಿನ ವಿಳಾಸಗಳನ್ನು ಹಂಚುವುದರಿಂದ ನಾನು ಸ್ಥಿರ ಸಾಧನಗಳಿಗೆಲ್ಲ 100ಕ್ಕಿಂತ ಕೆಳಗಿನ ಅಂಕಿ ಕೊಟ್ಟಿದ್ದೇನೆ. ಉಗ್ರಾಣ ಈಗ 192.168.1.20.

ಸ್ಟ್ಯಾಟಿಕ್ ಲೀಸ್ ಮ್ಯಾಕ್ ವಿಳಾಸವನ್ನು ನೋಡಿ ಸಾಧನವನ್ನು ಗುರುತಿಸುತ್ತದೆ ಎಂಬುದು ನೆನಪಿರಲಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ವೈಫೈಗೆ ನಿಜವಾದ ಮ್ಯಾಕ್ ವಿಳಾಸದ ಬದಲು ತಾವೇ ಹುಟ್ಟಿಸಿಕೊಂಡ ವಿಳಾಸವನ್ನು ತೋರಿಸುತ್ತವೆ. ಫೋನಿನ ಡಬ್ಬಿಯ ಮೇಲಿನ ಮ್ಯಾಕ್ ವಿಳಾಸವನ್ನು ನೋಡಿಕೊಂಡು ಲೀಸ್ ಬರೆದರೆ ಅದು ಎಂದಿಗೂ ಹೊಂದುವುದಿಲ್ಲ.

ಸಾಧನ ಬೇರೆಯವರನ್ನು ಕೇಳುತ್ತಿದ್ದಾಗ

‘ಒಂದು ಡಿಎನ್‌ಎಸ್ ಕೈಕೊಟ್ಟರೆ ಇನ್ನೊಂದು ಇರಲಿ’ ಎಂದು ರೂಟರಿನ ಜೊತೆಗೆ 8.8.8.8 ಅನ್ನೂ ಸಾಧನಗಳಿಗೆ ಹಂಚುವವರು ಬಹಳ. ಉದ್ದೇಶ ಒಳ್ಳೆಯದೇ, ಆದರೆ ಎರಡನೆಯ ಸರ್ವರ್ ಎಂದರೆ ಮೊದಲನೆಯದಕ್ಕೆ ಗೊತ್ತಿಲ್ಲದ್ದನ್ನು ಹೇಳುವವನು ಎಂಬ ನಂಬಿಕೆ ತಪ್ಪು. ಎರಡೂ ಒಂದೇ ಉತ್ತರ ಕೊಡುತ್ತವೆ ಎಂದು ಸಾಧನ ನಂಬುತ್ತದೆ. ‘ಅಂಥ ಹೆಸರಿಲ್ಲ’ ಎಂಬುದೂ ಪೂರ್ಣ ಉತ್ತರವೇ ಆದ್ದರಿಂದ ಅದು ಬಂದ ಮೇಲೆ ಇನ್ನೊಬ್ಬರನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ಉಬುಂಟುವಿನ ಮಧ್ಯವರ್ತಿಯಂತೂ ಒಂದು ಸರ್ವರ್ ತಡಮಾಡಿದರೆ ಇನ್ನೊಂದಕ್ಕೆ ಹೊರಳಿ, ಅದೂ ಕೈಕೊಡುವವರೆಗೆ ಅಲ್ಲೇ ನಿಂತುಬಿಡುತ್ತದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದ ಹೆಸರುಗಳಿಗೆ ಇದು ಸಾಮಾನ್ಯ ಕಾರಣ. ಸಾಧನಗಳಿಗೆ ರೂಟರ್ ಒಂದನ್ನೇ ಡಿಎನ್‌ಎಸ್ ಎಂದು ಹಂಚಿ; ಹೊರಗಿನ ಸರ್ವರುಗಳು ಬೇಕಿದ್ದರೆ ರೂಟರ್ ತಾನು ಕೇಳಬೇಕಾದ ಸರ್ವರುಗಳ ಪಟ್ಟಿಯಲ್ಲಿ ಬರೆಯಿರಿ.

ಐಪಿವಿ6 ಇದಕ್ಕಿಂತ ಮೋಸದ್ದು, ಏಕೆಂದರೆ ಅದು ಹೇಳದೆ ಕೇಳದೆ ಬರುತ್ತದೆ. ಐಪಿವಿ6ನಲ್ಲಿ ಡಿಎಚ್‌ಸಿಪಿಯ ಹಂಗಿಲ್ಲದೆಯೇ ರೂಟರ್ ತನ್ನ ಘೋಷಣೆಗಳ ಜೊತೆಗೆ ಡಿಎನ್‌ಎಸ್ ವಿಳಾಸವನ್ನೂ ಸಾರಬಹುದು. ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆ ನಿಮ್ಮ ಜಾಲದಲ್ಲೇ ಇದ್ದು ಕಂಪನಿಯ ಡಿಎನ್‌ಎಸ್ ಅನ್ನು ಸಾರುತ್ತಿದ್ದರೆ, ನೀವು ಡಿಎಚ್‌ಸಿಪಿ ಪುಟದಲ್ಲಿ ಎಷ್ಟೇ ಎಚ್ಚರಿಕೆಯಿಂದ 192.168.1.1 ಎಂದು ಬರೆದಿದ್ದರೂ ಸಾಧನಗಳ ಕಿವಿಗೆ ಆ ಇನ್ನೊಂದು ವಿಳಾಸವೂ ಬೀಳುತ್ತದೆ. ಹಲವು ಸಾಧನಗಳು ಅದನ್ನೇ ಮೊದಲು ಕೇಳುತ್ತವೆ. ಪರೀಕ್ಷೆಗಾಗಿ ಕಂಪ್ಯೂಟರಿನಲ್ಲಿ ಐಪಿವಿ6 ಅನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಹೆಸರು ಕೇಳಿ ನೋಡಿ. ಆಗ ಸಿಕ್ಕರೆ ಕಾರಣ ಖಚಿತವಾಯಿತು. ಆದರೆ ಐಪಿವಿ6 ಅನ್ನು ಹಾಗೆಯೇ ನಿಲ್ಲಿಸಿಡುವುದು ಪರಿಹಾರವಲ್ಲ. ಘೋಷಣೆಯಲ್ಲಿ ಹೊರಗಿನ ಡಿಎನ್‌ಎಸ್ ಬದಲು ರೂಟರಿನ ವಿಳಾಸವೇ ಹೋಗುವಂತೆ ತಿದ್ದಬೇಕು.

ಆಂಡ್ರಾಯ್ಡ್ 9ರಿಂದ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೌಲಭ್ಯವಿದೆ. ಅದು ಆಟೊಮ್ಯಾಟಿಕ್ ಸ್ಥಿತಿಯಲ್ಲಿದ್ದರೆ ತೊಂದರೆಯಿಲ್ಲ. ಅಲ್ಲಿ ಯಾವುದಾದರೂ ಸೇವೆಯ ಹೆಸರನ್ನು ತುಂಬಿದ್ದರೆ, ಜಾಹೀರಾತು ತಡೆಯಲೆಂದು ಹಲವರು ಹೀಗೆ ಮಾಡಿರುತ್ತಾರೆ, ಪ್ರತಿ ಪ್ರಶ್ನೆಯೂ ಗೂಢಲಿಪಿಯಲ್ಲಿ ನೇರವಾಗಿ ಆ ಸೇವೆಗೆ ಹೋಗುತ್ತದೆ, ರೂಟರಿಗೆ ಅದರ ಸುಳಿವೂ ಸಿಗುವುದಿಲ್ಲ. ಬ್ರೌಸರುಗಳ ಸುರಕ್ಷಿತ ಡಿಎನ್‌ಎಸ್ ಆಯ್ಕೆಯೂ ಇದೇ ಜಾತಿಯದು. ಪಿಂಗ್ ಸರಿಯಾಗಿದ್ದು ಒಂದು ಬ್ರೌಸರಿನಲ್ಲಿ ಮಾತ್ರ ಪುಟ ತೆರೆಯದಿದ್ದರೆ ಅಲ್ಲಿ ನೋಡಿ. ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ ಹಾಕಿಕೊಂಡಾಗ ಮನೆಯ ಹೆಸರು ಮಾಯವಾದರೆ ಅದಕ್ಕೆ ಮನೆಯ ರೂಟರಿನಲ್ಲಿ ಮಾಡಬಹುದಾದದ್ದು ಹೆಚ್ಚೇನೂ ಇಲ್ಲ.

ಲೋಕಲ್ ಎಂಬ ಹೆಸರಿನ ಬಲೆ

ಮನೆಯ ಡೊಮೈನಿಗೆ ‘ಲೋಕಲ್’ ಎಂದು ಹೆಸರಿಡುವುದು ಸಹಜವಾಗಿ ತೋರುತ್ತದೆ, ಅದೇ ತಪ್ಪು. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳಲ್ಲಿ ಒಂದಾದ 2013ರ ಆರ್‌ಎಫ್‌ಸಿ 6762 ಈ ಹೆಸರನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲಿಟ್ಟಿದೆ. ಇದರಲ್ಲಿ ರೂಟರಿಗೆ ಪಾತ್ರವೇ ಇಲ್ಲ: ಉಗ್ರಾಣ.ಲೋಕಲ್ ಯಾರು ಎಂದು ಸಾಧನ 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೆಯ ಪೋರ್ಟಿನಲ್ಲಿ ಕೂಗಿ ಕೇಳುತ್ತದೆ. ಉಗ್ರಾಣ ತಾನೇ ‘ನಾನು’ ಎನ್ನುತ್ತದೆ. ಹೆಸರನ್ನು ಯಾವ ಕ್ರಮದಲ್ಲಿ ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ, ಹಲವು ಲಿನಕ್ಸ್‌ಗಳ ಎನ್‌ಎಸ್‌ಸ್ವಿಚ್ ಕಡತದಲ್ಲಿ, ಲೋಕಲ್ ಎಂದು ಮುಗಿಯುವ ಹೆಸರಿಗೆ ಹೀಗೆ ಕೂಗಿದಾಗ ಉತ್ತರ ಬಾರದಿದ್ದರೆ ಅಲ್ಲಿಗೇ ನಿಲ್ಲು ಎಂಬ ಆಜ್ಞೆ ಬರೆದಿರುತ್ತದೆ. ನೀವು ರೂಟರಿನಲ್ಲಿ ಉಗ್ರಾಣ.ಲೋಕಲ್ ಎಂದು ಎಷ್ಟೇ ಸರಿಯಾಗಿ ಬರೆದಿಟ್ಟಿದ್ದರೂ ಪ್ರಶ್ನೆ ಅಲ್ಲಿಗೆ ಬರದಿರಬಹುದು. ಎನ್‌ಎಸ್‌ಲುಕಪ್‌ಗೆ ಸಿಗುವ ಹೆಸರು ಪಿಂಗ್‌ಗೆ ಸಿಗದ ವಿಚಿತ್ರ ಹುಟ್ಟುವುದು ಇಂಥಲ್ಲೇ.

ಲೋಕಲ್ ಹೆಸರುಗಳನ್ನು ಅವುಗಳ ಪಾಡಿಗೆ ಬಿಡಿ. ಪ್ರಿಂಟರುಗಳು, ಆಪಲ್ ಸಾಧನಗಳು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಅವೇ ಸಿಗದಾದರೆ ರೂಟರಿನ ವೈಫೈ ಪುಟದಲ್ಲಿ ಸಾಧನಗಳನ್ನು ಒಂದರಿಂದ ಒಂದು ಪ್ರತ್ಯೇಕಿಸುವ ಐಸೊಲೇಷನ್ ಆಯ್ಕೆ ಆನ್ ಆಗಿದೆಯೇ ನೋಡಿ, ಏಕೆಂದರೆ ಈ ಕೂಗು ಒಂದೇ ಜಾಲದೊಳಗೆ ಮಾತ್ರ ಕೇಳಿಸುವಂಥದ್ದು. ರೂಟರಿನ ಡೊಮೈನಿಗೆ ಓಪನ್‌ವರ್ಟ್‌ನ ಲ್ಯಾನ್ ಸಾಕು. ನಿಯಮದ ಪ್ರಕಾರವೇ ಇರಬೇಕೆನ್ನುವವರಿಗೆ 2018ರ ಆರ್‌ಎಫ್‌ಸಿ 8375 ಮನೆಗಳಿಗೆಂದೇ ಮೀಸಲಿಟ್ಟ ಹೋಮ್.ಆರ್ಪಾ ಇದೆ; 2024ರಲ್ಲಿ, ಡೊಮೈನ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಖಾಸಗಿ ಬಳಕೆಗೆ ಬಿಟ್ಟುಕೊಟ್ಟ ಇಂಟರ್ನಲ್ ಕೂಡ ಇದೆ. ಡೆವ್ ಎಂದಂತೂ ಇಡಬೇಡಿ, ಅದು ಹೊರಜಗತ್ತಿನಲ್ಲಿ ನಿಜವಾಗಿ ಬಳಕೆಯಲ್ಲಿರುವ ಡೊಮೈನ್.

ಎರಡು ರೂಟರುಗಳ ಮನೆ

ಕಂಪನಿಯ ಫೈಬರ್ ಪೆಟ್ಟಿಗೆಯೂ ವೈಫೈ ಕೊಡುತ್ತದೆ, ನೀವು ಕೊಂಡ ರೂಟರೂ ಕೊಡುತ್ತದೆ. ಎರಡೂ ವಿಳಾಸ ಹಂಚುತ್ತಿದ್ದರೆ ಅದು ಒಂದು ಮನೆಯೊಳಗೆ ಎರಡು ಜಾಲ. ಫೋನಿಗೆ 192.168.0.ದಿಂದ ಆರಂಭವಾಗುವ ವಿಳಾಸ, ಉಗ್ರಾಣಕ್ಕೆ 192.168.1.ರಿಂದ ಆರಂಭವಾಗುವ ವಿಳಾಸ ಇದ್ದರೆ ಇದೇ ನಿಮ್ಮ ಸ್ಥಿತಿ. ಹೊರಗಿನ, ಅಂದರೆ ಕಂಪನಿಯ, ಪೆಟ್ಟಿಗೆಗೆ ನಿಮ್ಮ ರೂಟರಿನ ಒಳಗಿನ ಹೆಸರುಗಳು ತಿಳಿಯವು. ಒಳಗಿನಿಂದ ಹೊರಗಿನ ಹೆಸರನ್ನು ಕೇಳಿದರೂ ಓಪನ್‌ವರ್ಟ್ ಅದನ್ನು ಕೊಡುವುದಿಲ್ಲ, ಏಕೆಂದರೆ ಮೇಲಿನ ಡಿಎನ್‌ಎಸ್‌ನಿಂದ ಖಾಸಗಿ ವಿಳಾಸವೊಂದು ಉತ್ತರವಾಗಿ ಬಂದರೆ ಅದನ್ನು ರೀಬೈಂಡ್ ದಾಳಿ (ಹೊರಗಿನ ಹೆಸರನ್ನು ಮನೆಯೊಳಗಿನ ವಿಳಾಸಕ್ಕೆ ತಿರುಗಿಸುವ ಮೋಸ) ಎಂದು ಭಾವಿಸಿ ಎಸೆಯುವುದು ಅದರ ಮೂಲ ಸೆಟ್ಟಿಂಗ್. ಸ್ವಂತ ಡೊಮೈನ್ ಕೊಂಡು ಅದನ್ನು 192.168.1.20ಕ್ಕೆ ತೋರಿಸಿದವರಿಗೂ ಇದೇ ತಡೆ ಎದುರಾಗುತ್ತದೆ. ಆ ಒಂದು ಡೊಮೈನಿಗೆ ಮಾತ್ರ ವಿನಾಯಿತಿ ಬರೆಯಿರಿ, ರಕ್ಷಣೆಯನ್ನೇ ತೆಗೆದುಹಾಕಬೇಡಿ.

ಎರಡು ಜಾಲವನ್ನು ಒಂದು ಮಾಡುವುದೇ ನಿಜವಾದ ಚಿಕಿತ್ಸೆ. ಕಂಪನಿ ಒಪ್ಪಿದರೆ ಅದರ ಪೆಟ್ಟಿಗೆಯನ್ನು ಬ್ರಿಜ್ ಸ್ಥಿತಿಗೆ, ಅಂದರೆ ತಾನು ವಿಳಾಸ ಹಂಚದೆ ಸಂಪರ್ಕವನ್ನು ಮಾತ್ರ ದಾಟಿಸುವ ಸ್ಥಿತಿಗೆ, ತರಿಸಿ. ಒಪ್ಪದಿದ್ದರೆ ಅದರ ವೈಫೈಯನ್ನಾದರೂ ನಿಲ್ಲಿಸಿ, ಎಲ್ಲ ಸಾಧನಗಳನ್ನೂ ನಿಮ್ಮ ರೂಟರಿಗೇ ಸೇರಿಸಿ.

ಹಳೆಯ ಉತ್ತರದ ನೆನಪು, ಮತ್ತು ಲಾಗ್

ಎಲ್ಲವನ್ನೂ ತಿದ್ದಿದ ಮೇಲೂ ಹೆಸರು ಸಿಗದಿದ್ದರೆ ತಾಳ್ಮೆಗೆಡುವ ಮೊದಲು ನೆನಪನ್ನು ಅಳಿಸಿ. ‘ಇಲ್ಲ’ ಎಂಬ ಉತ್ತರವನ್ನೂ ಸಾಧನಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಲ್ಯಾನ್ ಎಂಬುದು ಹೊರಜಗತ್ತಿನಲ್ಲಿ ಇಲ್ಲದ ಡೊಮೈನ್. ಅದರ ಪ್ರಶ್ನೆ ತಪ್ಪಿ ಹೊರಗೆ ಹೋದರೆ ಡಿಎನ್‌ಎಸ್‌ನ ಮೂಲ ವಲಯದಿಂದ ‘ಇಲ್ಲ’ ಎಂಬ ಉತ್ತರ 86400 ಸೆಕೆಂಡು, ಅಂದರೆ ಒಂದು ಇಡೀ ದಿನ, ಇಟ್ಟುಕೊಳ್ಳಬಹುದು ಎಂಬ ಅನುಮತಿಯೊಂದಿಗೆ ಬರುತ್ತದೆ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’, ಉಬುಂಟುವಿನಲ್ಲಿ ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್’ ಕೊಟ್ಟು, ಬ್ರೌಸರನ್ನು ಮುಚ್ಚಿ ತೆರೆಯಿರಿ. ಫೋನಿನಲ್ಲಿ ವೈಫೈ ಆಫ್ ಮಾಡಿ ಆನ್ ಮಾಡಿದರೆ ಸಾಕಾಗುತ್ತದೆ.

ಇಷ್ಟಾದರೂ ಗಂಟು ಬಿಡದಿದ್ದರೆ ಡಿಎನ್‌ಎಸ್‌ಮಾಸ್ಕ್‌ನ ಲಾಗ್ ತೆರೆಯುವ ಸಮಯ ಬಂದಿದೆ. ‘ಡಿಎಚ್‌ಸಿಪಿ ಅಂಡ್ ಡಿಎನ್‌ಎಸ್’ ಪುಟದಲ್ಲಿ ಪ್ರಶ್ನೆಗಳನ್ನು ದಾಖಲಿಸುವ ಆಯ್ಕೆಯನ್ನು ಆನ್ ಮಾಡಿ, ರೂಟರಿಗೆ ಲಾಗಿನ್ ಆಗಿ ‘ಲಾಗ್‌ರೀಡ್ -ಎಫ್’ ಕೊಟ್ಟು, ತೊಂದರೆಯ ಸಾಧನದಿಂದ ಹೆಸರನ್ನು ಒಮ್ಮೆ ಕೇಳಿ. ‘ಕ್ವೆರಿ’ ಎಂಬ ಪದ, ಕೇಳಿದ ಹೆಸರು, ಕೇಳಿದ ಸಾಧನದ ವಿಳಾಸ ಇರುವ ಒಂದು ಸಾಲು ಮೂಡಬೇಕು. ಮೂಡದೇ ಇದ್ದರೆ ಪ್ರಶ್ನೆ ಬೇರೆಲ್ಲೋ ಹೋಗುತ್ತಿದೆ, ಅಥವಾ ಸಾಧನ ತನ್ನ ಹಳೆಯ ನೆನಪಿನಿಂದಲೇ ಉತ್ತರಿಸುತ್ತಿದೆ. ಮೂಡಿದರೆ ಅದರ ಕೆಳಗಿನ ಸಾಲನ್ನು ಓದಿ. ಅಲ್ಲಿ ‘ಡಿಎಚ್‌ಸಿಪಿ’ ಎಂದು ಶುರುವಾಗಿ ವಿಳಾಸ ಬಂದಿದ್ದರೆ ಲೀಸ್ ಪಟ್ಟಿಯಿಂದ ಉತ್ತರ ಹೋಗಿದೆ. ಹೋಸ್ಟ್ಸ್ ಕಡತದ ಹೆಸರಿದ್ದರೆ ನೀವು ಕೈಯಾರೆ ಬರೆದ ಪಟ್ಟಿಯಿಂದ ಹೋಗಿದೆ. ‘ಫಾರ್ವರ್ಡೆಡ್’ ಎಂದಿದ್ದರೆ ಮನೆಯ ಹೆಸರನ್ನು ರೂಟರ್ ಹೊರಗೆ ಕೇಳಲು ಕಳಿಸಿದೆ: ಡಿಎನ್‌ಎಸ್‌ಮಾಸ್ಕ್‌ಗೆ ಲ್ಯಾನ್ ಎಂಬುದು ತನ್ನದೇ ಡೊಮೈನ್ ಎಂದು ತಿಳಿಸುವ ‘ಲೋಕಲ್’ ಸೆಟ್ಟಿಂಗ್ ಅಳಿಸಿಹೋಗಿರುತ್ತದೆ, ಅಲ್ಲಿ ಲ್ಯಾನ್ ಅನ್ನು ಎರಡು ಓರೆಗೆರೆಗಳ ನಡುವೆ ಮತ್ತೆ ಬರೆಯಬೇಕು. ಕೆಲಸ ಮುಗಿದ ಮೇಲೆ ದಾಖಲಿಸುವ ಆಯ್ಕೆಯನ್ನು ಮರೆಯದೆ ಆಫ್ ಮಾಡಿ. ಮನೆಯವರು ಯಾವ ಯಾವ ತಾಣಕ್ಕೆ ಹೋದರು ಎಂಬುದೆಲ್ಲ ಅದರಲ್ಲಿ ಬರುತ್ತಿರುತ್ತದೆ, ಅದನ್ನು ಓದುವ ಹಕ್ಕು ರೂಟರ್ ರಿಪೇರಿ ಮಾಡುವವನಿಗಿಲ್ಲ.

ಕೊನೆಯ ಪರೀಕ್ಷೆಯನ್ನು ಎಲ್ಲವೂ ಸರಿಯಾಗಿರುವಾಗಲೇ ಮಾಡಬೇಕು. ಮಿಕ್ಕ ಸಾಧನಗಳನ್ನು ಮುಟ್ಟದೆ, ರೂಟರಿನ ಪ್ಲಗ್ಗನ್ನು ಮಾತ್ರ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ರೂಟರ್ ಎದ್ದು ವೈಫೈ ಮರಳಿದ ಕೂಡಲೇ ಕಂಪ್ಯೂಟರಿನಿಂದ ಒಮ್ಮೆ, ಫೋನಿನಿಂದ ಒಮ್ಮೆ ಉಗ್ರಾಣ.ಲ್ಯಾನ್ ಅನ್ನು ತೆರೆಯಿರಿ. ಎರಡರಲ್ಲೂ ತೆರೆದುಕೊಂಡರೆ ಗೋಡೆಯ ಮೇಲಿನ ಚೀಟಿಯನ್ನು ಕಿತ್ತು ಹಾಕಬಹುದು.